ಹೆಬ್ಬೆಟ್ಟು ಒತ್ತುವ ಮುನ್ನ

ದೇವನಹಳ್ಳಿಯಲ್ಲಿ ಜಮೀನಿನ ಕ್ರಯಪತ್ರ ನೋಂದಾಯಿಸುವಾಗ ಓದಿದವರೂ ಹೆಬ್ಬೆಟ್ಟು ಒತ್ತಲೇಬೇಕು. 2001ರ ಕಾನೂನು ತಿದ್ದುಪಡಿ ಬೆರಳಚ್ಚನ್ನು ಎಲ್ಲರಿಗೂ ಕಡ್ಡಾಯ ಮಾಡಿದೆ. ಹಾಗಾಗಿ ಅಕ್ಷರಸ್ಥರಿಗೂ ಅನಕ್ಷರಸ್ಥರಿಗೂ ಇರುವ ವ್ಯತ್ಯಾಸ ಈಗ ಬೆರಳಿನಲ್ಲಿಲ್ಲ; ಒತ್ತುವ ಮುನ್ನ ಪತ್ರವನ್ನು ಓದಿದವರು ಯಾರು ಎಂಬುದರಲ್ಲಿದೆ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಭೂಮಿಗೆ ಚಿನ್ನದ ಬೆಲೆ ಕಂಡ ತಾಲ್ಲೂಕು ಇದು. ಎಷ್ಟೋ ಪಹಣಿಗಳಲ್ಲಿ ಹೆಸರಿರುವುದು ಮನೆಯ ಹಿರಿಯರದು. ಅವರಿಗೆ ಓದಿ ಹೇಳುವವರು ಮಗ, ಮೊಮ್ಮಗ, ಇಲ್ಲವೇ ದಲ್ಲಾಳಿ.

ವಯಸ್ಕರಿಗೆ ಪಾಠ ಹೇಳುವ ಯತ್ನ ನಮ್ಮಲ್ಲಿ ಹೊಸದೇನಲ್ಲ. 1940ರ ದಶಕದಲ್ಲೇ ಮೈಸೂರು ಸಂಸ್ಥಾನದಲ್ಲಿ ವಯಸ್ಕರ ಶಿಕ್ಷಣ ಸಮಿತಿ ಕೆಲಸ ಮಾಡುತ್ತಿತ್ತು. ಹೊಸದಾಗಿ ಓದು ಕಲಿತವರಿಗಾಗಿ ಅದು ‘ಬೆಳಕು’ ಎಂಬ ವಾರಪತ್ರಿಕೆ ಹೊರಡಿಸಿತು. ಕಲಿಸಿ ಕೈಬಿಟ್ಟರೆ ಅಕ್ಷರ ಮರೆತುಹೋಗುತ್ತದೆ ಎಂಬುದು ಆ ಹಿರಿಯರಿಗೆ ಗೊತ್ತಿದ್ದಿರಬೇಕು. ನಂಜನಗೂಡಿನಲ್ಲಿ ತೆರೆದ ವಿದ್ಯಾಪೀಠಕ್ಕೆ ಮಾದರಿ ಡೆನ್ಮಾರ್ಕಿನ ಜನತಾ ಶಾಲೆಗಳು. 1844ರಲ್ಲಿ ಅಲ್ಲಿ ಆರಂಭವಾದ ಆ ಶಾಲೆಗಳಲ್ಲಿ ರೈತಾಪಿ ಜನ ಒಟ್ಟಿಗೆ ಉಳಿದು, ಪರೀಕ್ಷೆಯ ಗೊಡವೆ ಇಲ್ಲದೆ ಬದುಕಿಗೆ ಬೇಕಾದದ್ದನ್ನು ಕಲಿಯುತ್ತಿದ್ದರು.

ಮುಂದೆ ಕಾರ್ಯಕ್ರಮ ದೇಶವ್ಯಾಪಿಯಾಯಿತು. ಜೊತೆಗೆ ವಯಸ್ಸಿನ ಬೇಲಿಯೂ ಬಂತು. 1978ರ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಹಾಗೂ 1988ರ ರಾಷ್ಟ್ರೀಯ ಸಾಕ್ಷರತಾ ಮಿಷನ್ ಗಮನವಿಟ್ಟದ್ದು 15ರಿಂದ 35 ವರ್ಷದವರ ಮೇಲೆ. ದುಡಿಯುವ ಕೈಗೆ ಮೊದಲು ಅಕ್ಷರ ಎಂಬ ಲೆಕ್ಕಾಚಾರ. ಲೆಕ್ಕ ತಪ್ಪೆನ್ನಲಾಗದು. ಆದರೆ 1988ರಲ್ಲಿ 36 ಆಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ.

2009ರ ‘ಸಾಕ್ಷರ ಭಾರತ’ 15 ದಾಟಿದ ಎಲ್ಲರಿಗೂ ಬಾಗಿಲು ತೆರೆಯಿತು. 2022ರಲ್ಲಿ ಆರಂಭವಾದ, ‘ಉಲ್ಲಾಸ್’ ಎಂದು ಹೆಸರಾದ ಕಾರ್ಯಕ್ರಮ ಇನ್ನೂ ಮುಂದೆ ಹೋಗಿ, ಓದು–ಲೆಕ್ಕದ ಜೊತೆಗೆ ಹಣಕಾಸು, ಕಾನೂನು, ಡಿಜಿಟಲ್ ತಿಳಿವಳಿಕೆಯನ್ನೂ ಸೇರಿಸಿಕೊಂಡಿದೆ. ಮುಪ್ಪಿನಲ್ಲಿ ಕಲಿಕೆ ಸಾಧ್ಯವೇ ಎನ್ನುವವರಿಗೆ ನೆರೆಯ ಕೇರಳದ ಕಾರ್ತ್ಯಾಯಿನಿ ಅಮ್ಮ ಉತ್ತರ ಕೊಟ್ಟಿದ್ದಾರೆ. 2018ರ ಸಾಕ್ಷರತಾ ಪರೀಕ್ಷೆಯಲ್ಲಿ 96ರ ಆ ಅಜ್ಜಿ 100ಕ್ಕೆ 98 ಅಂಕ ಪಡೆದರು.

ಇನ್ನು ಬದಲಾಗಬೇಕಾದದ್ದು ಪಾಠದ ವಸ್ತು. ಹಿರಿಯರಿಗೆ ಬೇಕಾದದ್ದು ಮಕ್ಕಳ ಒಂದನೇ ತರಗತಿಯ ಪುಸ್ತಕವಲ್ಲ. ಅವರದೇ ಪಹಣಿಯ ಸರ್ವೆ ನಂಬರು, ಎಕರೆ–ಗುಂಟೆ, ಸಾಲದ ನಮೂದು, ಬ್ಯಾಂಕಿನ ಪಾಸ್‌ಬುಕ್, ಮೊಬೈಲಿಗೆ ಬರುವ ಒಟಿಪಿ – ಇವೇ ಮೊದಲ ಪಾಠಗಳಾಗಬಹುದು. ಅಚ್ಚಿನ ಅಕ್ಷರ ದಪ್ಪಗಿರಬೇಕು, ಕನ್ನಡಕವೂ ಸಿಗಬೇಕು. ರಾತ್ರಿಶಾಲೆ ಹಗಲು ದುಡಿಯುವವರಿಗೆ ಹೇಳಿ ಮಾಡಿಸಿದ್ದು. ಕಣ್ಣು ಮಂಜಾದವರಿಗೆ ಮಧ್ಯಾಹ್ನದ ತರಗತಿಯೇ ಅನುಕೂಲ.