ಕಡತ, ಸಂಪುಟ ಮತ್ತು ಪ್ರತಿ: ವಿತರಿತ ಕಡತವ್ಯವಸ್ಥೆಯಲ್ಲಿ ಕನ್ನಡ ಪಠ್ಯಗಳ ಪಾಲನೆ

ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆಗಳಾಗಿ ಜೋಡಿಸಿ, ಬಳಪದಿಂದ ಬರೆಯುತ್ತಿದ್ದ ಸಾಧನಕ್ಕೆ ಕನ್ನಡದಲ್ಲಿ ಕಡತವೆಂದು ಹೆಸರು. ಅದರ ಮೇಲಿನ ಬರಹವನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಮುಂದೆ ಕಛೇರಿಯ ಫೈಲಿಗೂ ಅನಂತರ ಗಣಕದ ಫೈಲಿಗೂ ಅದೇ ಪದವು ಸಂದಿತು. ಗ್ರಂಥಮಾಲೆಯ ಬಿಡಿ ಭಾಗವನ್ನು ಸೂಚಿಸುವ ‘ಸಂಪುಟ’ ಎಂಬ ಪದವನ್ನೂ ಇದೇ ರೀತಿ ಗಣಕವಿಜ್ಞಾನದ ‘ವಾಲ್ಯೂಮ್’ ಎಂಬ ಪರಿಕಲ್ಪನೆಗೆ ಬಳಸಬಹುದಾಗಿದೆ. ಹಲವು ಗಣಕಗಳಲ್ಲಿ ಹಂಚಿಹೋಗಿರುವ ಸಂಗ್ರಹಸ್ಥಳವನ್ನು ಒಂದೇ ಹೆಸರಿನಡಿ ಒಗ್ಗೂಡಿಸಿದಾಗ ದೊರೆಯುವ ಘಟಕವೇ ಈ ಸಂಪುಟ. ಇಂತಹ ಸಂಪುಟಗಳನ್ನು ಆಜ್ಞಾಸರಣಿಗಳ, ಅಂದರೆ ಸ್ಕ್ರಿಪ್ಟುಗಳ, ಮೂಲಕ ನಿರ್ವಹಿಸುವ ಬಗೆಯನ್ನೂ ಅದರಿಂದ ಕನ್ನಡ ಪಠ್ಯಗಳಿಗೆ ಒದಗುವ ರಕ್ಷಣೆ ಮತ್ತು ಅಪಾಯಗಳನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

1. ಸಂಪುಟದ ಪರಿಕಲ್ಪನೆ

ಒಂದು ಗಣಕದ ತಟ್ಟೆಯಲ್ಲಿರುವ ಕಡತಗಳನ್ನು ಅದೇ ಗಣಕವು ನಿರ್ವಹಿಸುವುದು ಸಾಮಾನ್ಯ ಕ್ರಮ. ಸಂಗ್ರಹವು ಬೆಳೆದಂತೆ ಒಂದು ಗಣಕ ಸಾಲದಾಗುತ್ತದೆ. ಆ ಗಣಕ ಕೆಟ್ಟರೆ ಸಂಗ್ರಹವೇ ಕೈತಪ್ಪುತ್ತದೆ. ಈ ಸಮಸ್ಯೆಗೆ ಪರಿಹಾರವಾಗಿ ರೂಪುಗೊಂಡದ್ದು ವಿತರಿತ ಕಡತವ್ಯವಸ್ಥೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯವು ಐಬಿಎಂ ಸಂಸ್ಥೆಯೊಡನೆ 1980ರ ದಶಕದಲ್ಲಿ ಕೈಗೊಂಡ ಆಂಡ್ರೂ ಯೋಜನೆಯಲ್ಲಿ ಇದರ ಒಂದು ಮುಖ್ಯ ಮಾದರಿ ಸಿದ್ಧವಾಯಿತು. ಮದರಾಸಿನ ಐಐಟಿಯಲ್ಲಿ ವ್ಯಾಸಂಗ ಮಾಡಿದ ಮಹಾದೇವ್ ಸತ್ಯನಾರಾಯಣನ್ ಅದರ ಪ್ರಮುಖ ಶಿಲ್ಪಿಗಳಲ್ಲೊಬ್ಬರು. ಓದುಗನಿಗೆ ಕಾಣುವ ಹೆಸರು ಬದಲಾಗದಂತೆ, ಕಡತಗಳ ಒಂದಿಡೀ ಗುಂಪನ್ನು ಒಂದು ಗಣಕದಿಂದ ಮತ್ತೊಂದಕ್ಕೆ ಸಾಗಿಸುವ ಅನುಕೂಲವನ್ನು ಆ ವ್ಯವಸ್ಥೆಯ ಸಂಪುಟವು ಒದಗಿಸಿತು. ಗ್ರಂಥಪಾಲಕನು ಕಪಾಟನ್ನು ಬದಲಿಸಿದರೂ ಓದುಗನು ಕೇಳಬೇಕಾದ ಕ್ರಮಸಂಖ್ಯೆ ಬದಲಾಗದಿರುವಂತಹ ವ್ಯವಸ್ಥೆ ಇದು.

ಇದೇ ಪರಂಪರೆಯಲ್ಲಿ ಬಂದ, ಬೆಂಗಳೂರಿಗೆ ನೇರ ಸಂಬಂಧವುಳ್ಳ ತಂತ್ರಾಂಶವೆಂದರೆ ಗ್ಲಸ್ಟರ್ ಎಫ್‌ಎಸ್. ಕ್ಯಾಲಿಫೋರ್ನಿಯಾದಲ್ಲಿ ಮುಖ್ಯ ಕಛೇರಿಯನ್ನೂ ಬೆಂಗಳೂರಿನಲ್ಲಿ ತಂತ್ರಜ್ಞರ ತಂಡವನ್ನೂ ಹೊಂದಿದ್ದ ಗ್ಲಸ್ಟರ್ ಸಂಸ್ಥೆಯು ಇದನ್ನು ಮುಕ್ತ ತಂತ್ರಾಂಶವಾಗಿ ಬೆಳೆಸಿತು. 2011ರ ಅಕ್ಟೋಬರಿನಲ್ಲಿ ರೆಡ್ ಹ್ಯಾಟ್ ಸಂಸ್ಥೆಯು ಸುಮಾರು 13.6 ಕೋಟಿ ಡಾಲರುಗಳಿಗೆ ಗ್ಲಸ್ಟರನ್ನು ಕೊಳ್ಳುವುದಾಗಿ ಪ್ರಕಟಿಸಿತು. ಆ ಸಂಸ್ಥೆಯ ವಾಣಿಜ್ಯ ಆವೃತ್ತಿಗೆ ದೊರೆಯುತ್ತಿದ್ದ ಬೆಂಬಲವು 2024ರ ಕೊನೆಗೆ ಮುಗಿಯಿತಾದರೂ ಮುಕ್ತ ಆವೃತ್ತಿಯ ಮೂಲಸಂಕೇತವು ಯಾರಿಗಾದರೂ ಲಭ್ಯವಿದೆ. ಇದರ ಪರಿಭಾಷೆ ಸರಳವಾದುದು. ಪ್ರತಿಯೊಂದು ಗಣಕದಲ್ಲಿ ಸಂಗ್ರಹಕ್ಕಾಗಿ ಬಿಟ್ಟುಕೊಟ್ಟ ಜಾಗಕ್ಕೆ ‘ಬ್ರಿಕ್’, ಅಂದರೆ ಇಟ್ಟಿಗೆ, ಎಂದು ಹೆಸರು. ಹಲವು ಇಟ್ಟಿಗೆಗಳನ್ನು ಸೇರಿಸಿ ಕಟ್ಟಿದ್ದು ಸಂಪುಟ. ಯಾವ ಕಡತ ಯಾವ ಇಟ್ಟಿಗೆಯಲ್ಲಿದೆ ಎಂಬುದನ್ನು ತಿಳಿಸುವ ಕೇಂದ್ರೀಯ ಸೂಚಿಯೇ ಇದರಲ್ಲಿಲ್ಲ. ಕಡತದ ಹೆಸರಿನಿಂದಲೇ ಒಂದು ಸಂಖ್ಯೆಯನ್ನು ಗಣಿಸಿ, ಆ ಸಂಖ್ಯೆಯ ಆಧಾರದ ಮೇಲೆ ಅದರ ಸ್ಥಳವನ್ನು ನಿರ್ಧರಿಸಲಾಗುತ್ತದೆ. ಹೆಸರೇ ವಿಳಾಸವಾಗುವ ಈ ಗುಣವು ಕನ್ನಡದ ಮಟ್ಟಿಗೆ ವಿಶೇಷ ಪರಿಣಾಮಗಳನ್ನುಂಟುಮಾಡುತ್ತದೆ. ಅದನ್ನು ನಾಲ್ಕನೆಯ ಭಾಗದಲ್ಲಿ ಪರಿಶೀಲಿಸಲಾಗಿದೆ.

2. ಒಂದು ಕಲ್ಪಿತ ನಿದರ್ಶನ

ಕೆಂಗೇರಿಗೆ ಸಮೀಪದ ಜ್ಞಾನಭಾರತಿ ಆವರಣದಲ್ಲಿ ಒಂದು ಸಾವಿರ ಕನ್ನಡ ಗ್ರಂಥಗಳ ಚಿತ್ರರೂಪದ ಸಂಗ್ರಹವಿದೆ ಎಂದು ಭಾವಿಸಬಹುದು. 6 ಅಂಗುಲ ಅಗಲ, 9 ಅಂಗುಲ ಎತ್ತರದ ಒಂದು ಪುಟವನ್ನು ಅಂಗುಲಕ್ಕೆ 300 ಬಿಂದುಗಳಂತೆ ವರ್ಣದಲ್ಲಿ ಗ್ರಹಿಸಿದರೆ 48,60,000 ಬಿಂದುಗಳಾಗುತ್ತವೆ. ಬಿಂದುವಿಗೆ ಮೂರು ಬೈಟುಗಳಂತೆ ಪುಟಕ್ಕೆ ಸುಮಾರು 14.6 ಮೆಗಾಬೈಟು ಬೇಕು. ಸಂಕುಚಿತಗೊಳಿಸದೆ ಇಟ್ಟರೆ 300 ಪುಟಗಳ ಗ್ರಂಥಕ್ಕೆ ಸುಮಾರು 4.4 ಗಿಗಾಬೈಟು, ಸಾವಿರ ಗ್ರಂಥಗಳಿಗೆ ಸುಮಾರು 4.4 ಟೆರಾಬೈಟು, ಮೂರು ಪ್ರತಿಗಳನ್ನಿಟ್ಟರೆ ಸುಮಾರು 13 ಟೆರಾಬೈಟು ಸ್ಥಳ ಅವಶ್ಯಕ.

ಇದಕ್ಕಾಗಿ ಮೂರು ಗಣಕಗಳನ್ನು ಜೋಡಿಸಿ, ಪ್ರತಿಯೊಂದರಲ್ಲೂ ಎರಡೆರಡು ಇಟ್ಟಿಗೆಗಳನ್ನು ಒದಗಿಸಿದರೆ ಒಟ್ಟು ಆರು ಇಟ್ಟಿಗೆಗಳಾಗುತ್ತವೆ. ಸಂಪುಟವನ್ನು ರಚಿಸುವ ಆಜ್ಞೆಯಲ್ಲಿ ಪ್ರತಿಗಳ ಸಂಖ್ಯೆ ಮೂರು ಎಂದು ಸೂಚಿಸಿದಾಗ, ಇಟ್ಟಿಗೆಗಳನ್ನು ಹೇಳಿದ ಅನುಕ್ರಮದಲ್ಲೇ ಮೂರು ಮೂರರ ಎರಡು ಗುಂಪುಗಳು ಏರ್ಪಡುತ್ತವೆ. ಒಂದು ಗುಂಪಿಗೆ ಸೇರಿದ ಕಡತವು ಆ ಗುಂಪಿನ ಮೂರೂ ಇಟ್ಟಿಗೆಗಳಲ್ಲಿ ಇರುತ್ತದೆ. ಇಲ್ಲಿ ಅನುಕ್ರಮವೇ ಮುಖ್ಯವಾದುದು. ಒಂದೇ ಗಣಕದ ಎರಡು ಇಟ್ಟಿಗೆಗಳನ್ನು ಒತ್ತಟ್ಟಿಗೆ ಬರೆದರೆ ಒಂದೇ ಕಡತದ ಎರಡು ಪ್ರತಿಗಳು ಅದೇ ಗಣಕದಲ್ಲಿ ಉಳಿದು, ಆ ಗಣಕ ಕೆಟ್ಟಾಗ ಎರಡೂ ಒಟ್ಟಿಗೆ ದೊರೆಯದಂತಾಗುತ್ತವೆ. ಗ್ಲಸ್ಟರ್ ಇದನ್ನು ಗುರುತಿಸಿ ನಿರಾಕರಿಸುತ್ತದೆ. ಆದರೆ ‘ಫೋರ್ಸ್’ ಎಂಬ ಪದವನ್ನು ಸೇರಿಸಿದರೆ ಒಪ್ಪಿಕೊಳ್ಳುತ್ತದೆ. ಎಚ್ಚರಿಕೆಯ ಕಿರಿಕಿರಿಯನ್ನು ತಪ್ಪಿಸಲು ಆ ಪದವನ್ನು ಆಜ್ಞಾಸರಣಿಯಲ್ಲಿ ಕಾಯಂ ಆಗಿ ಬರೆದಿಡುವುದು ರಕ್ಷಣೆಯನ್ನೇ ತೆಗೆದುಹಾಕಿದಂತೆ.

ಎರಡೇ ಪ್ರತಿಗಳನ್ನಿಟ್ಟು ಮಿತವ್ಯಯ ಸಾಧಿಸಬಹುದಲ್ಲವೇ ಎಂಬ ಪ್ರಶ್ನೆ ಸಹಜವಾದುದು. ಎರಡು ಗಣಕಗಳ ನಡುವಿನ ಸಂಪರ್ಕ ಕಡಿದ ವೇಳೆಯಲ್ಲಿ ಒಂದೇ ಕಡತವನ್ನು ಎರಡೂ ಕಡೆ ಬೇರೆ ಬೇರೆಯಾಗಿ ತಿದ್ದಿದರೆ ಯಾವುದು ಸರಿ ಎಂದು ನಿರ್ಣಯಿಸಲು ವ್ಯವಸ್ಥೆಗೆ ಆಧಾರವಿರುವುದಿಲ್ಲ. ಎರಡೇ ಹಸ್ತಪ್ರತಿಗಳು ದೊರೆತು ಅವು ಪರಸ್ಪರ ಭಿನ್ನವಾಗಿದ್ದಾಗ ಸಂಪಾದಕನಿಗೊದಗುವ ಸಂದಿಗ್ಧವೇ ಇದು. ಮೂರನೆಯ ಪ್ರತಿಯಿದ್ದರೆ ಬಹುಮತದ ಮೂಲಕ ಇಂತಹ ಇಬ್ಬಂದಿಯನ್ನು ತಡೆಯಬಹುದು. ವ್ಯತ್ಯಾಸವೆಂದರೆ, ಗ್ರಂಥಸಂಪಾದನೆಯಲ್ಲಿ ಪ್ರತಿಗಳ ಸಂಖ್ಯೆಯಷ್ಟೇ ಪ್ರಮಾಣವಾಗದು. ಗಣಕಕ್ಕಾದರೋ ಸಂಖ್ಯೆಯ ಹೊರತು ಬೇರೆ ವಿವೇಚನೆಯಿಲ್ಲ.

3. ಆಜ್ಞಾಸರಣಿಯ ಉಪಯೋಗ ಮತ್ತು ಅಪಾಯ

ಹಸ್ತಪ್ರತಿಗಳು, ನಿಯತಕಾಲಿಕೆಗಳು, ಸಂಶೋಧನ ಪ್ರಬಂಧಗಳು, ಧ್ವನಿಮುದ್ರಣಗಳು ಎಂದು ಸಂಗ್ರಹವು ಹಲವು ಸಂಪುಟಗಳಾಗಿ ವಿಭಜನೆಗೊಂಡಾಗ ಪ್ರತಿಯೊಂದನ್ನೂ ದಿನಂಪ್ರತಿ ಕೈಯಿಂದ ಪರೀಕ್ಷಿಸುವುದು ಅಸಾಧ್ಯ. ಮಾಡಬೇಕಾದ ಕೆಲಸಗಳ ಆಜ್ಞೆಗಳನ್ನು ಒಂದು ಕಡತದಲ್ಲಿ ಬರೆದು, ಗೊತ್ತಾದ ವೇಳೆಗೆ ಗಣಕವೇ ಅವನ್ನು ನೆರವೇರಿಸುವಂತೆ ಮಾಡುವುದು ಆಜ್ಞಾಸರಣಿಯ ಉಪಯೋಗ. ಸಂಪುಟಗಳು ಚಾಲನೆಯಲ್ಲಿವೆಯೇ, ಯಾವುದಾದರೂ ಇಟ್ಟಿಗೆ ಸ್ಥಗಿತಗೊಂಡಿದೆಯೇ, ಎಷ್ಟು ಕಡತಗಳ ಪ್ರತಿಗಳು ಇನ್ನೂ ಸರಿಹೊಂದಬೇಕಾಗಿವೆ ಎಂಬುದನ್ನು ಅದು ವಿಚಾರಿಸಿ ದಿನಚರಿಯಲ್ಲಿ ದಾಖಲಿಸುತ್ತದೆ. ಇಂತಹ ವಿಚಾರಣೆಗೆ ಅನುಕೂಲವಾಗುವಂತೆ ಗ್ಲಸ್ಟರ್ ತನ್ನ ಉತ್ತರವನ್ನು ಎಕ್ಸ್‌ಎಂಎಲ್ ರೂಪದಲ್ಲಿಯೂ ಕೊಡಬಲ್ಲದು. ಮನುಷ್ಯರ ಓದಿಗಾಗಿ ಅಂದವಾಗಿ ಜೋಡಿಸಿದ ಸಾಲುಗಳ ವಿನ್ಯಾಸವು ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದಾದ್ದರಿಂದ ಆಜ್ಞಾಸರಣಿಯು ಈ ರೂಪವನ್ನೇ ಅವಲಂಬಿಸುವುದು ಲೇಸು.

ಸಂಪುಟವೊಂದನ್ನು ಅಳಿಸುವ ಆಜ್ಞೆಯನ್ನು ಕೈಯಿಂದ ಕೊಟ್ಟಾಗ ‘ಮುಂದುವರಿಯಬೇಕೇ’ ಎಂದು ಗ್ಲಸ್ಟರ್ ಪ್ರಶ್ನಿಸುತ್ತದೆ. ‘ಮೋಡ್ ಸ್ಕ್ರಿಪ್ಟ್’ ಎಂಬ ಸೂಚನೆಯೊಡನೆ ಕೊಟ್ಟಾಗ ಆ ಪ್ರಶ್ನೆ ಬರುವುದಿಲ್ಲ. ರಾತ್ರಿ ಎರಡು ಗಂಟೆಗೆ ಉತ್ತರಿಸುವವರು ಯಾರೂ ಇಲ್ಲದಿರುವುದರಿಂದ ಈ ಅನುಕೂಲ ಬೇಕಾದುದೇ. ಆದರೆ ಯಂತ್ರವು ಕೇಳದಿರುವ ಪ್ರಶ್ನೆಯನ್ನು ಆಜ್ಞಾಸರಣಿಯನ್ನು ಬರೆಯುವವನೇ ಮುಂಚಿತವಾಗಿ ಕೇಳಿಕೊಂಡಿರಬೇಕಾಗುತ್ತದೆ.

ಹಳೆಯ ಇಟ್ಟಿಗೆಗಳನ್ನು ಸಂಪುಟದಿಂದ ತೆಗೆಯುವ ಕಾರ್ಯವನ್ನು ನಿದರ್ಶನವಾಗಿ ನೋಡಬಹುದು. ಇದರಲ್ಲಿ ಮೂರು ಹಂತಗಳಿವೆ. ಮೊದಲನೆಯದರಲ್ಲಿ ಕಡತಗಳು ಉಳಿದ ಇಟ್ಟಿಗೆಗಳಿಗೆ ವರ್ಗಾವಣೆಯಾಗತೊಡಗುತ್ತವೆ. ಎರಡನೆಯದರಲ್ಲಿ ವರ್ಗಾವಣೆಯ ಸ್ಥಿತಿಯನ್ನು ವಿಚಾರಿಸಲಾಗುತ್ತದೆ. ಅದು ಪೂರ್ಣಗೊಂಡು, ವಿಫಲವಾದ ಕಡತಗಳ ಸಂಖ್ಯೆ ಸೊನ್ನೆಯೆಂದು ತಿಳಿದ ಮೇಲೆ ಮೂರನೆಯ ಹಂತದಲ್ಲಿ ಅದನ್ನು ಸ್ಥಿರಪಡಿಸಲಾಗುತ್ತದೆ. ಎರಡನೆಯ ಹಂತವನ್ನು ಬಿಟ್ಟು ‘ಫೋರ್ಸ್’ ಪದದಿಂದ ಒಮ್ಮೆಗೇ ಮುಗಿಸಿದರೆ, ವರ್ಗಾವಣೆಯಾಗದ ಕಡತಗಳು ಸಂಪುಟದಲ್ಲಿ ಕಾಣಿಸದಂತಾಗುತ್ತವೆ. ಯಾವ ದೋಷಸೂಚನೆಯೂ ಬಾರದಿರುವುದರಿಂದ ಆ ಕೊರತೆಯು ಗಮನಕ್ಕೆ ಬರುವುದು ಯಾರಾದರೂ ಆ ಪುಟವನ್ನು ಹುಡುಕಿದಾಗಲಷ್ಟೇ.

ಇನ್ನೊಂದು ದೋಷವು ಬಿಡುಸ್ಥಳಕ್ಕೆ ಸಂಬಂಧಿಸಿದುದು. ಯುನಿಕ್ಸ್ ಪರಂಪರೆಯ ಆಜ್ಞಾವ್ಯವಸ್ಥೆಯಲ್ಲಿ ಪದಗಳನ್ನು ಬೇರ್ಪಡಿಸುವುದು ಬಿಡುಸ್ಥಳ. ‘ಪಂಪ ಭಾರತ’ ಎಂಬ ಕಡತದ ಹೆಸರನ್ನು ಉದ್ಧರಣ ಚಿಹ್ನೆಯಿಲ್ಲದೆ ಬಳಸಿದರೆ ‘ಪಂಪ’ ಮತ್ತು ‘ಭಾರತ’ ಎಂಬ ಎರಡು ಕಡತಗಳೆಂದು ಗಣಕವು ಅರ್ಥೈಸುತ್ತದೆ. ಆಜ್ಞೆಯು ಅಳಿಸುವಂತಹುದಾಗಿದ್ದರೆ, ಆ ಹೆಸರಿನ ಬೇರೆ ಕಡತಗಳಿದ್ದಲ್ಲಿ ಅವು ಅಳಿದುಹೋಗುತ್ತವೆ. ಆದ್ದರಿಂದ ಹೆಸರುಗಳನ್ನು ಸದಾ ಉದ್ಧರಣ ಚಿಹ್ನೆಗಳಲ್ಲಿಡುವುದು, ಒಂದು ಹಂತ ವಿಫಲವಾದಾಗ ಮುಂದಿನದಕ್ಕೆ ಹೋಗದೆ ನಿಲ್ಲುವುದು, ಏನು ಮಾಡಲಿದೆ ಎಂಬುದನ್ನು ಮೊದಲು ಬರೆದು ತೋರಿಸಿ ಅನಂತರವಷ್ಟೇ ಮಾಡುವುದು ಇವು ಆಜ್ಞಾಸರಣಿಯ ಕನಿಷ್ಠ ಶಿಸ್ತುಗಳಾಗಿವೆ.

4. ಕನ್ನಡದ ಹೆಸರುಗಳು

ಯೂನಿಕೋಡಿನಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಮೂರು ಬೈಟುಗಳು ಬೇಕು. ‘ಕವಿರಾಜಮಾರ್ಗ’ ಎಂಬ ಹೆಸರಿನಲ್ಲಿ ಸ್ವರಚಿಹ್ನೆಗಳೂ ವಿರಾಮವೂ ಸೇರಿ 11 ಸಂಕೇತಗಳಿರುವುದರಿಂದ ಅದು 33 ಬೈಟುಗಳನ್ನು ಆಕ್ರಮಿಸುತ್ತದೆ. ಲಿನಕ್ಸ್‌ನ ಪ್ರಚಲಿತ ಕಡತವ್ಯವಸ್ಥೆಗಳಲ್ಲಿ ಹೆಸರಿನ ಮಿತಿ 255 ಬೈಟುಗಳು. ಅಂದರೆ ಕನ್ನಡದಲ್ಲಿ 85 ಸಂಕೇತಗಳು. ಕವಿ, ಕೃತಿ, ಸಂಪಾದಕ, ಪ್ರಕಾಶಕ, ವರ್ಷ ಎಲ್ಲವನ್ನೂ ಹೆಸರಿನಲ್ಲಿಯೇ ತುಂಬುವ ರೂಢಿಯು ಈ ಮಿತಿಯನ್ನು ಬೇಗನೆ ಮೀರುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಸಮಸ್ಯೆಯೊಂದಿದೆ. ಜನ್ನನ ‘ಯಶೋಧರಚರಿತೆ’ಯ ‘ಯಶೋಧರ’ ಎಂಬ ಪದದಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎಕಾರದ ಚಿಹ್ನೆ, ಊಕಾರದ ಚಿಹ್ನೆ ಮತ್ತು ದೀರ್ಘದ ಚಿಹ್ನೆ ಎಂದು ಬಿಡಿಸಿ ಮೂರು ಸಂಕೇತಗಳಾಗಿಯೂ ಬರೆಯಬಹುದು. ಮೊದಲನೆಯದಕ್ಕೆ 15 ಬೈಟುಗಳಾದರೆ ಎರಡನೆಯದಕ್ಕೆ 21 ಬೈಟುಗಳು. ಇವೆರಡೂ ಸಮಾನವೆಂದು ಯೂನಿಕೋಡ್ ಮಾನಕವೇ ಹೇಳುತ್ತದೆ, ತೆರೆಯ ಮೇಲೂ ಎರಡೂ ಒಂದೇ ರೀತಿ ಕಾಣಬೇಕು. ಆದರೆ ಲಿನಕ್ಸ್‌ನ ಕಡತವ್ಯವಸ್ಥೆಗಳು ಸಾಮಾನ್ಯವಾಗಿ ಹೋಲಿಸುವುದು ಬೈಟುಗಳನ್ನು ಮಾತ್ರ. ಹೀಗಾಗಿ ಕಣ್ಣಿಗೆ ಒಂದೇ ಆದ ಎರಡು ಹೆಸರುಗಳು ಎರಡು ಬೇರೆ ಕಡತಗಳಾಗುತ್ತವೆ. ಹೆಸರಿನಿಂದಲೇ ಸ್ಥಳ ನಿರ್ಧಾರವಾಗುವ ಗ್ಲಸ್ಟರಿನಲ್ಲಂತೂ ಅವು ಎರಡು ಬೇರೆ ಇಟ್ಟಿಗೆಗಳ ಗುಂಪಿಗೆ ಸೇರಿಹೋಗಬಹುದು. ಒತ್ವ, ದೀರ್ಘ, ಐತ್ವಗಳಿರುವ ಹಲವು ಪದಗಳಿಗೆ ಈ ಮಾತು ಅನ್ವಯಿಸುತ್ತದೆ. ಕೆಲವು ಒತ್ತಕ್ಷರಗಳ ರೂಪವನ್ನು ನಿಯಂತ್ರಿಸಲು ಬಳಸುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಸಂಕೇತಗಳೂ ಇದೇ ತೊಡಕನ್ನು ಒಡ್ಡುತ್ತವೆ.

ಆದ್ದರಿಂದ ಸಂಪುಟಕ್ಕೆ ಕಡತವು ಸೇರುವ ಮೊದಲೇ ಹೆಸರನ್ನು ಯೂನಿಕೋಡಿನ ಒಂದು ನಿಯತ ರೂಪಕ್ಕೆ ಪರಿವರ್ತಿಸುವುದು ಆಜ್ಞಾಸರಣಿಯ ಮೊದಲ ಕೆಲಸವಾಗಬೇಕು. ಪರಿವರ್ತಿತ ಹೆಸರಿನ ಕಡತವು ಆಗಲೇ ಇದ್ದರೆ ಅದರ ಮೇಲೆ ಬರೆಯದೆ, ಎರಡನ್ನೂ ಉಳಿಸಿಕೊಂಡು ನಿರ್ಣಯವನ್ನು ತಿಳಿದವರಿಗೆ ಬಿಡಬೇಕು. ಕಡತಕ್ಕೆ ಅಂಕಿಗಳ ಸ್ಥಿರ ಗುರುತನ್ನು ಕೊಟ್ಟು ಕನ್ನಡದ ಪೂರ್ಣ ವಿವರಗಳನ್ನು ಪ್ರತ್ಯೇಕ ಸೂಚಿಯಲ್ಲಿಡುವುದು ಮತ್ತೊಂದು ಮಾರ್ಗ. ಆದರೆ ಆ ಸೂಚಿ ಕಳೆದುಹೋದರೆ ಉಳಿಯುವುದು ಅಂಕಿಗಳ ರಾಶಿ ಮಾತ್ರವಾದ್ದರಿಂದ ಸೂಚಿಯ ಪ್ರತಿಯು ಗ್ರಂಥಗಳ ಜೊತೆಯಲ್ಲಿಯೇ ಇರಬೇಕಾಗುತ್ತದೆ.

5. ಪ್ರತಿಯೂ ಪಾಲನೆಯೂ

ಮೂರು ಪ್ರತಿಗಳಿದ್ದರೆ ಪಠ್ಯವು ಸುರಕ್ಷಿತವೆಂಬ ಭಾವನೆ ವ್ಯಾಪಕವಾಗಿದೆ. ವಿತರಿತ ವ್ಯವಸ್ಥೆಯ ಪ್ರತಿಗಳು ಯಂತ್ರ ಕೆಡುವುದರಿಂದ ಕಾಪಾಡುತ್ತವೆಯೇ ಹೊರತು ತಪ್ಪು ಆಜ್ಞೆಯಿಂದಲ್ಲ. ಒಂದು ಕಡತವನ್ನು ಅಳಿಸಿದರೆ ಮೂರೂ ಕಡೆ ಅಳಿಯುತ್ತದೆ. ತಪ್ಪಾಗಿ ತಿದ್ದಿದರೆ ಮೂರೂ ಕಡೆ ಅದೇ ತಪ್ಪು ನೆಲೆಗೊಳ್ಳುತ್ತದೆ. ರಾಜಾಜಿನಗರದಲ್ಲೊಂದು ಗಣಕವನ್ನಿಟ್ಟು ಸಂಪುಟವನ್ನು ಅಲ್ಲಿಗೂ ನಕಲು ಮಾಡಿಸಿದರೆ, ವೃಷಭಾವತಿಯ ಕಣಿವೆಯಲ್ಲಿ ನೀರು ನುಗ್ಗಿ ಮೂಲ ಕೋಣೆಯ ಗಣಕಗಳು ಹಾಳಾದರೂ ಪಠ್ಯ ಉಳಿಯುತ್ತದೆ. ಆದರೆ ಸಾಮಾನ್ಯ ಏರ್ಪಾಟಿನಲ್ಲಿ ಅಳಿಸುವಿಕೆಯೂ ಆ ದೂರದ ಪ್ರತಿಯನ್ನು ತಲುಪುತ್ತದೆ. ಆದ್ದರಿಂದ ವ್ಯವಸ್ಥೆಯೊಡನೆ ಸಂಪರ್ಕವಿಲ್ಲದ, ಹಿಂದಿನ ದಿನಾಂಕದ ಪ್ರತ್ಯೇಕ ಪ್ರತಿಯೊಂದು ಅನಿವಾರ್ಯ.

ಪ್ರತಿಯು ಮೂಲದಂತೆಯೇ ಇದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದಕ್ಕೂ ವಿಧಾನವಿದೆ. ಕಡತದ ಸಮಸ್ತ ಬೈಟುಗಳಿಂದ ಗಣಿಸಿದ ಮುದ್ರಾಸಂಖ್ಯೆಯನ್ನು ಬರೆದಿಟ್ಟು, ನಿಯತವಾಗಿ ಮತ್ತೆ ಗಣಿಸಿ ಹೋಲಿಸಿದರೆ ಒಂದು ಬಿಟ್ಟು ಬದಲಾಗಿದ್ದರೂ ಗೊತ್ತಾಗುತ್ತದೆ. ಗ್ಲಸ್ಟರಿಗೆ 2015ರಲ್ಲಿ ಸೇರಿದ ಪರಿಶೀಲನಾ ಸೌಲಭ್ಯವು ಇಂತಹ ಮುದ್ರೆಗಳನ್ನೇ ಆಧರಿಸಿದೆ. ಡಿ.ಎಲ್. ನರಸಿಂಹಾಚಾರ್ಯರು 1964ರಲ್ಲಿ ಪ್ರಕಟವಾದ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಶಾಸ್ತ್ರೀಯವಾಗಿ ವಿವೇಚಿಸಿದ ಪ್ರತಿಗಳ ಪರಿಶೀಲನೆಯು ಅರ್ಥವನ್ನು ನೋಡುವಂತಹುದು; ಮುದ್ರಾಸಂಖ್ಯೆಗೆ ಅರ್ಥದ ಅರಿವಿಲ್ಲ. ಆದರೂ ಪ್ರತಿಯನ್ನು ನಂಬುವ ಮೊದಲು ಹೋಲಿಸಿ ನೋಡಬೇಕೆಂಬ ನಿಲುವು ಎರಡಕ್ಕೂ ಸಮಾನವಾಗಿದೆ.

ಈ ಮಾತುಗಳಿಗೆ ಬೆಂಗಳೂರಿನಲ್ಲೇ ನಿದರ್ಶನವಿದೆ. ವಿತರಿತ ಸಂಪುಟದ ಕಲ್ಪನೆ ಬೆಳೆದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯವೇ 2000ದ ದಶಕದಲ್ಲಿ ಹತ್ತು ಲಕ್ಷ ಪುಸ್ತಕಗಳನ್ನು ಗಣಕಕ್ಕೆ ತರುವ ಯೋಜನೆಯನ್ನು ಮುನ್ನಡೆಸಿತು. ಅದರ ಭಾರತೀಯ ಅಂಗವಾದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸಮನ್ವಯವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ವಹಿಸಿತ್ತು. ಸಹಸ್ರಾರು ಕನ್ನಡ ಗ್ರಂಥಗಳು ಅದರಲ್ಲಿ ಸೇರಿದವು. ಮುಂದೆ ಆ ಜಾಲತಾಣವು ಓದುಗರಿಗೆ ದೊರೆಯದಂತಾಯಿತು. ಆ ಸಂಗ್ರಹದ ಲಕ್ಷಾಂತರ ಗ್ರಂಥಗಳು 2017ರ ವೇಳೆಗೆ ಇಂಟರ್ನೆಟ್ ಆರ್ಕೈವ್‌ಗೆ ನಕಲಾದುದರಿಂದ ಕನ್ನಡದ ಅನೇಕ ಅಲಭ್ಯ ಕೃತಿಗಳು ಇಂದಿಗೂ ಓದಲು ದೊರೆಯುತ್ತಿವೆ. ಆದರೆ ಶೀರ್ಷಿಕೆಗಳನ್ನು ರೋಮನ್ ಲಿಪಿಯಲ್ಲಿ ಅನಿಯತವಾಗಿ ನಮೂದಿಸಿದ್ದ ದೋಷಗಳೂ ಗ್ರಂಥಗಳೊಡನೆ ನಕಲಾದವು. ಕೃತಿಯು ಅಲ್ಲಿದ್ದರೂ ಹೆಸರಿನಿಂದ ಹುಡುಕುವವನಿಗೆ ಸಿಗದಿರುವ ಸ್ಥಿತಿಗೆ ಇದೇ ಕಾರಣ.

ಓಲೆಗರಿಯ ಕಾಲದಲ್ಲಿ ಪಠ್ಯವು ಉಳಿದದ್ದು ಗರಿ ಶಿಥಿಲವಾಗುವ ಮೊದಲೇ ಅದನ್ನು ಮತ್ತೆ ಬರೆದವರಿಂದ. ಗಣಕದ ತಟ್ಟೆಯ ಆಯುಷ್ಯವು ಓಲೆಗರಿಯದಕ್ಕಿಂತ ಬಹಳ ಕಡಿಮೆಯಾದುದರಿಂದ ಮರುಬರವಣಿಗೆಯ ಅಗತ್ಯ ಈಗ ಹೆಚ್ಚಾಗಿದೆ. ಆಜ್ಞಾಸರಣಿಯು ಈ ಕಾಲದ ಲಿಪಿಕಾರ. ಹೇಳಿದ್ದನ್ನು ತಪ್ಪದೆ ಮಾಡುವ ಆದರೆ ಓದಲು ಬಾರದ ಲಿಪಿಕಾರ. ಅದಕ್ಕೆ ಏನನ್ನು ಹೇಳಬೇಕು, ಯಾವ ಹೆಸರು ಸರಿ, ಎರಡು ಪ್ರತಿಗಳು ಭಿನ್ನವಾದಾಗ ಯಾವುದನ್ನು ಉಳಿಸಬೇಕು ಎಂಬುದನ್ನು ತಂತ್ರಜ್ಞರೊಬ್ಬರೇ ನಿರ್ಣಯಿಸಲಾಗದು. ಕನ್ನಡ ಪಠ್ಯಗಳ ಸಂಪುಟಗಳನ್ನು ನಿರ್ವಹಿಸುವ ಆಜ್ಞಾಸರಣಿಗಳನ್ನು ರೂಪಿಸುವ ಕಾರ್ಯದಲ್ಲಿ ಗ್ರಂಥಸಂಪಾದನೆಯ ತರಬೇತಿ ಪಡೆದವರೂ ಭಾಗಿಗಳಾಗಬೇಕಾದುದು ಈ ಕಾರಣದಿಂದ ಅವಶ್ಯವಾಗಿದೆ.