ಹಲ್ಲಿನ ಕಲೆ ಮತ್ತು ಊರಿನ ನೀರು

ನಮ್ಮ ಹಿಂದಿನ ಕವಿಗಳು ಸುಂದರವಾದ ದಂತಪಂಕ್ತಿಯನ್ನು ಮಲ್ಲಿಗೆಯ ಮೊಗ್ಗಿಗೂ ದಾಳಿಂಬೆಯ ಬೀಜಕ್ಕೂ ಮುತ್ತಿನ ಸಾಲಿಗೂ ಹೋಲಿಸಿ ದಣಿದವರಲ್ಲ. ಮೂವತ್ತು ವರ್ಷಕಾಲ ತರಗತಿಯಲ್ಲಿ ಈ ಹೋಲಿಕೆಗಳ ಸ್ವಾರಸ್ಯವನ್ನು ವಿವರಿಸಿದವನು ನಾನು. ಆದರೆ ಎದುರಿಗೆ ಕುಳಿತವರಲ್ಲಿ ಕೆಲವರು ಆ ಹೊತ್ತಿಗೆ ತುಟಿ ಬಿಗಿದು ತಲೆ ತಗ್ಗಿಸುತ್ತಿದ್ದುದು ಬಹುಕಾಲ ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಒಮ್ಮೆ ಗೌರಿಬಿದನೂರಿನ ಕಡೆಯ ಹಳ್ಳಿಯೊಂದರಿಂದ ಬಂದ ವಿದ್ಯಾರ್ಥಿಯೊಬ್ಬನ ಹಲ್ಲುಗಳು ಕಂದುಗಟ್ಟಿದ್ದುದನ್ನು ಕಂಡು, "ಬೇವಿನ ಕಡ್ಡಿಯಿಂದಲಾದರೂ ಹಲ್ಲುಜ್ಜಬಾರದೇನಪ್ಪ?" ಎಂದೆ. ಹುಡುಗ ಬಾಯಿಗೆ ಕೈ ಅಡ್ಡ ಹಿಡಿದು, "ದಿನಾ ಎರಡು ಹೊತ್ತು ಉಜ್ಜುತ್ತೇನೆ ಸಾರ್. ನಮ್ಮೂರಲ್ಲಿ ಎಲ್ಲರದೂ ಹೀಗೆಯೇ" ಎಂದ. ಆ ಮಾತಿನ ಅರ್ಥ ನನಗೆ ತಿಳಿದದ್ದು ಅನಂತರ. ಅದು ಕೊಳೆಯಾಗಿರಲಿಲ್ಲ, ಅಶಿಸ್ತೂ ಆಗಿರಲಿಲ್ಲ. ಅವನು ಹುಟ್ಟಿದಂದಿನಿಂದ ಕುಡಿದ ನೀರಿನ ಗುರುತಾಗಿತ್ತು. ಇಂದು ಹಲ್ಲಿನ ಆರೋಗ್ಯವನ್ನು ಕುರಿತು ನಾಲ್ಕು ಮಾತು ಹೇಳಹೊರಟಾಗ, ಆ ಹುಡುಗನಿಗೆ ಸಲ್ಲಬೇಕಾದ ಉತ್ತರದಿಂದಲೇ ಆರಂಭಿಸುವುದು ಉಚಿತವೆಂದು ತೋರುತ್ತದೆ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಉತ್ತರ ಪಿನಾಕಿನಿ ಹುಟ್ಟುವುದು ಇಲ್ಲಿಯ ಬೆಟ್ಟಗಳಲ್ಲೇ ಆದರೂ ಮಳೆಗಾಲ ಕಳೆದರೆ ಅದರ ಪಾತ್ರ ಬರಿಯ ಮರಳು. ಹಿಂದೆ ಕೆರೆಯೂ ತೆರೆದ ಬಾವಿಯೂ ನೀರು ಕೊಡುತ್ತಿದ್ದವು. ಅವು ಬತ್ತಿದಂತೆ ಜನ ಕೊಳವೆಬಾವಿಯ ಮೊರೆಹೊಕ್ಕರು. ಶಿಡ್ಲಘಟ್ಟದ ಹಿಪ್ಪುನೇರಳೆಗೂ ಚಿಂತಾಮಣಿಯ ಟೊಮ್ಯಾಟೊ ಬೆಳೆಗೂ ಮನೆಯ ಬಿಂದಿಗೆಗೂ ಅದೇ ಆಧಾರ. ಸಾವಿರ ಅಡಿಗೂ ಮೀರಿ ಕೊರೆಯುವುದು ಈಗ ಸಾಮಾನ್ಯ ಸಂಗತಿ. ಅಷ್ಟು ಆಳದ ಗಟ್ಟಿಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಭಾರತೀಯ ಮಾನಕದಂತೆ ಲೀಟರು ನೀರಿನಲ್ಲಿ ಫ್ಲೋರೈಡು 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಜಿಲ್ಲೆಯ ಅನೇಕ ಕೊಳವೆಬಾವಿಗಳು ಈ ಎಲ್ಲೆಯನ್ನು ದಾಟಿವೆ.

ಇದು ನಮ್ಮ ಸೀಮೆಯೊಂದರದೇ ಕಥೆಯಲ್ಲ. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ 1901ರಲ್ಲಿ ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ, ಅಲ್ಲಿಯವರ ಹಲ್ಲುಗಳ ಕಂದು ಕಲೆಯನ್ನು ಕಂಡು ಕಾರಣ ಹುಡುಕತೊಡಗಿದ. ಅದಕ್ಕೆ ಫ್ಲೋರೈಡೇ ಮೂಲವೆಂದು ಗೊತ್ತಾದುದು 1931ರಲ್ಲಿ. ಭಾರತದಲ್ಲಿ ಇದರ ವರದಿ ಮೊದಲು ಬಂದದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ. ಕಲೆಯಾದ ಹಲ್ಲುಗಳು ಅಷ್ಟಾಗಿ ಹುಳುಕುವುದಿಲ್ಲವೆಂಬುದನ್ನೂ ಮೆಕೇ ಗಮನಿಸಿದ್ದ. ಅಲ್ಪ ಪ್ರಮಾಣದಲ್ಲಿ ಹಲ್ಲನ್ನು ಕಾಯುವ ವಸ್ತುವೇ ಅತಿಯಾದಾಗ ಕೆಡಿಸುತ್ತದೆ. ಅತಿಯಾದರೆ ಅಮೃತವೂ ವಿಷವೆಂಬುದಕ್ಕೆ ಇದಕ್ಕಿಂತ ನೇರ ನಿದರ್ಶನ ಸಿಗದು.

ಕಲೆ ಹೊರಗಿನಿಂದ ಅಂಟಿಕೊಂಡದ್ದಲ್ಲ. ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗಲೇ ಅದರ ಹೊರಹೊದಿಕೆಯಾದ ಎನಾಮೆಲಿನಲ್ಲಿ ದೋಷ ಸೇರಿಬಿಡುತ್ತದೆ. ಮೊದಲು ಸುಣ್ಣದಂಥ ಬಿಳಿ ಮಚ್ಚೆ, ಬಾಧೆ ಹೆಚ್ಚಿದ್ದರೆ ಕಂದು ಬಣ್ಣ, ಇನ್ನೂ ಹೆಚ್ಚಿದ್ದರೆ ಸಣ್ಣ ಕುಳಿಗಳು. ಮಗುವಿಗೆ ಎಂಟು ವರ್ಷ ತುಂಬುವುದರೊಳಗೆ ಈ ಕೆಲಸ ಬಹುಮಟ್ಟಿಗೆ ಮುಗಿದಿರುತ್ತದೆ. ಮುಂಬಲ್ಲುಗಳಿಗಂತೂ ಮೊದಲ ಮೂರು ನಾಲ್ಕು ವರ್ಷಗಳೇ ನಿರ್ಣಾಯಕ. ಆದುದರಿಂದ ಇದ್ದಿಲು, ಇಟ್ಟಿಗೆಯ ಪುಡಿಗಳಿಂದ ಎಷ್ಟು ತಿಕ್ಕಿದರೂ ಕಲೆ ಹೋಗದು. ಸವೆಯುವುದು ಎನಾಮೆಲು ಮಾತ್ರ. ನೀರನ್ನು ಕುದಿಸುವುದರಿಂದಲೂ ಪ್ರಯೋಜನವಿಲ್ಲ. ನೀರು ಆವಿಯಾಗಿ ಫ್ಲೋರೈಡು ಉಳಿಯುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಮನೆಯ ನೀರನ್ನು ಪರೀಕ್ಷೆ ಮಾಡಿಸಬೇಕು. ಒಂದೇ ಊರಿನ ಎರಡು ಕೊಳವೆಬಾವಿಗಳ ನೀರು ಬೇರೆ ಬೇರೆಯಾಗಿರಬಹುದು. ಅನೇಕ ಹಳ್ಳಿಗಳಲ್ಲಿ ಸ್ಥಾಪಿಸಿರುವ ಶುದ್ಧ ಕುಡಿಯುವ ನೀರಿನ ಘಟಕ ಸುಸ್ಥಿತಿಯಲ್ಲಿದ್ದರೆ ಫ್ಲೋರೈಡನ್ನು ಬಹುಪಾಲು ತೆಗೆಯುತ್ತದೆ. ಅದರ ಪೊರೆಯನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದಾರೆಯೇ ಎಂದು ಕೇಳುವುದು ಊರಿನವರ ಹಕ್ಕು. ಶುಚಿಯಾಗಿ ಸಂಗ್ರಹಿಸಿದ ಮಳೆನೀರು ಮತ್ತೊಂದು ದಾರಿ. ಕುಡಿಯುವುದಕ್ಕಷ್ಟೇ ಅಲ್ಲ, ಅಡುಗೆಗೂ ಈ ನೀರೇ ಆಗಬೇಕು. ಎದೆಹಾಲಿನಲ್ಲಿ ಫ್ಲೋರೈಡು ತೀರ ಕಡಿಮೆ. ಅದನ್ನು ಬಿಡಿಸಿ, ಕೊಳವೆಬಾವಿಯ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೂಸಿಗೆ ಕುಡಿಸುವುದು ಹಿತವಲ್ಲ. ಸುಣ್ಣದ ಅಂಶ ಹೇರಳವಾಗಿರುವ ರಾಗಿಯೂ ಹಾಲೂ ಫ್ಲೋರೈಡು ಮೈಗೆ ಹತ್ತುವುದನ್ನು ತಗ್ಗಿಸುತ್ತವೆ. ನಮ್ಮ ಮುದ್ದೆ ಮಜ್ಜಿಗೆಗಳಿಗೆ ಈ ಗುಣವೂ ಉಂಟು.

ಈಗಾಗಲೇ ಕಲೆಯಾದವರು ನಿರಾಶರಾಗಬೇಕಿಲ್ಲ. ತೆಳು ಕಲೆಯನ್ನು ದಂತವೈದ್ಯರು ಮೇಲ್ಪದರವನ್ನು ಹಗುರಾಗಿ ಉಜ್ಜಿಯೋ ಬಿಳುಪುಗೊಳಿಸಿಯೋ ತಗ್ಗಿಸಬಲ್ಲರು. ಕುಳಿ ಬಿದ್ದ ಹಲ್ಲಿಗೆ ಅದರದೇ ಬಣ್ಣದ ಲೇಪವನ್ನೋ ಕವಚವನ್ನೋ ಹಾಕುತ್ತಾರೆ. ಆದರೆ ದೊಡ್ಡವರಿಗೆ ಬೆನ್ನು, ಕೀಲುಗಳು ಸೆಡೆತು ನೋಯತೊಡಗಿದರೆ ಅದು ಹಲ್ಲಿನ ಮಾತಲ್ಲ. ಮೂಳೆಗೂ ಫ್ಲೋರೈಡು ತಟ್ಟಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಇನ್ನು ಮನೆಮಂದಿಗೆಲ್ಲ ಸಲ್ಲುವ ಮಾತು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಅನಂತರ ಆರರವರೆಗೆ ಬಟಾಣಿಯಷ್ಟು ಪೇಸ್ಟು ಸಾಕು. ನುಂಗದೆ ಉಗುಳುವುದನ್ನು ಕಲಿಸಬೇಕು. ನೀರಿನಲ್ಲಿ ಫ್ಲೋರೈಡು ಹೆಚ್ಚಿರುವ ಊರಿನವರು ಎಳೆಯ ಮಕ್ಕಳಿಗೆ ಯಾವ ಪೇಸ್ಟೆಂದು ವೈದ್ಯರನ್ನು ಕೇಳಿಕೊಳ್ಳುವುದು ಲೇಸು. ಬೀಳುವ ಹಲ್ಲೆಂದು ಹಾಲುಹಲ್ಲಿನ ಹುಳುಕನ್ನು ಅಲಕ್ಷಿಸಬಾರದು. ಅದು ಅಕಾಲದಲ್ಲಿ ಬಿದ್ದರೆ ಮುಂದಿನ ಹಲ್ಲು ಸೊಟ್ಟಗೆ ಬರುತ್ತದೆ. ಹುಳುಕು ಸಣ್ಣದಿರುವಾಗ ತುಂಬಿಸಿದರೆ ಸಾಕು. ನರದವರೆಗೆ ಇಳಿದರೆ ಬೇರಿನ ಚಿಕಿತ್ಸೆಯೇ ಬೇಕಾಗುತ್ತದೆ. ವಸಡಿನಿಂದ ರಕ್ತ ಬಂದರೆ ಅಲ್ಲಿ ಗಾರೆ ಕಟ್ಟಿದೆಯೆಂದು ಶಂಕಿಸಬೇಕು. ಅದನ್ನು ತೆಗೆಸಿದರೆ ಹಲ್ಲು ಸಡಿಲವಾಗುತ್ತದೆಂಬುದು ತಪ್ಪು ತಿಳಿವಳಿಕೆ. ಸಡಿಲಗೊಳಿಸುವುದು ಗಾರೆಯೇ. ಹೊಗೆಸೊಪ್ಪು ಬಾಯಿಯ ಪರಮಶತ್ರು. ಬಾಯಿಯ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ ತೋರಿಸಲೇಬೇಕು. ಕಡಲೆ ಇದ್ದಾಗ ಹಲ್ಲಿಲ್ಲವೆಂಬ ಗಾದೆಗೆ ಹಿರಿಯರು ತಲೆಬಾಗಬೇಕಿಲ್ಲ. ಹೊಂದುವಂತೆ ಕಟ್ಟಿಸಿದ ಹಲ್ಲಿನ ಸೆಟ್ಟು ಊಟದ ರುಚಿಯನ್ನೂ ಮಾತಿನ ಸ್ಪಷ್ಟತೆಯನ್ನೂ ಮರಳಿ ಕೊಡುತ್ತದೆ.

ಆ ವಿದ್ಯಾರ್ಥಿ ಈಗ ಎಲ್ಲಿದ್ದಾನೋ ನಾನರಿಯೆ. ಅವನಿಗೂ ಮಕ್ಕಳಿದ್ದಾರು. ಮತ್ತೊಬ್ಬ ಮೇಷ್ಟರು ಆ ಮಕ್ಕಳ ಬಾಯಿ ನೋಡಿ ನನ್ನಂತೆ ಬುದ್ಧಿ ಹೇಳಹೊರಡುವ ಮೊದಲು, ಅವರ ಮನೆಯ ಬಿಂದಿಗೆಯಲ್ಲಿರುವ ನೀರು ಯಾವುದೆಂದು ಕೇಳಲಿ.