ದಂಡೆ ಅಂದರೆ ಬರೀ ನದಿ ದಂಡೆಯಲ್ಲ!

"ಒಂದು ಮೊಗ್ಗಿನ ದಂಡೆ, ಎರಡು ಹಾರ, ಹತ್ತು ಮಾರು ಮಲ್ಲಿಗೆ... ಬರ್ಕೊಂಡ್ಯಾ?" ನಮ್ಮೆಜಮಾನರ ಅಕ್ಕನ ಮಗಳ ಮದುವೆಗೆ ಹೂವಿನ ಪಟ್ಟಿ ಹೇಳುತ್ತಿದ್ದರು ನಮ್ಮತ್ತೆ. ಪಕ್ಕದಲ್ಲೇ ಹೋಂವರ್ಕ್ ಮಾಡುತ್ತಿದ್ದ ನನ್ನ ಮಗಳು ತಲೆ ಎತ್ತಿ, "ಅಜ್ಜೀ, ದಂಡೆ ಅಂದ್ರೆ ನದಿ ಪಕ್ಕ ಇರುತ್ತಲ್ಲ ಅದು ತಾನೆ? ಅದನ್ನ ಮಾರ್ಕೆಟ್‌ನಿಂದ ಹೇಗೆ ತರ್ತಾರೆ?" ಅಂದಳು. ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು, ಹಾರಕ್ಕೂ ದಂಡೆಗೂ ಏನು ವ್ಯತ್ಯಾಸ ಅಂತ ನನಗೂ ಸರಿಯಾಗಿ ಗೊತ್ತಿರಲಿಲ್ಲ!

ಅದು ಗೊತ್ತಾಗಿದ್ದು ಮಾರುಕಟ್ಟೆಗೆ ಹೋದ ಮೇಲೆ. ಹೂವಿನಂಗಡಿಯ ಹುಡುಗ "ದಂಡೇನಾ? ಹಾಗಂದ್ರೆ ಏನಕ್ಕಾ?" ಎಂದು ನನ್ನನ್ನೇ ಕೇಳಿದ. "ತಲೆಗೆ ಮುಡಿಯೋದಪ್ಪ" ಎಂದೆ. ಅವನು ಒಂದು ಹಾರವನ್ನೇ ಕತ್ತರಿಸಿ, ಎರಡೂ ತುದಿಗೆ ದಾರ ಕಟ್ಟಿ ಕೈಗಿಟ್ಟ. ಮಾದರಿ ತೋರಿಸೋಣ ಎಂದು ಮನೆಗೆ ತಂದರೆ ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ದಂಡೆ ಅಲ್ಲ ಕಣಮ್ಮ, ಮುರಿದ ಹಾರ" ಅಂದರು.

ಹಾರ ಕೊರಳಿಗೆ, ದಂಡೆ ಮುಡಿಗೆ. ಇಷ್ಟೇ ವ್ಯತ್ಯಾಸ ಅಂದುಕೊಳ್ಳಬೇಡಿ. ಹಾರ ಜೋತು ಬೀಳಬೇಕು, ದಂಡೆ ಬಾಗಿ ನಿಲ್ಲಬೇಕು. ತುರುಬಿನ ಅಥವಾ ಜಡೆಯ ಬುಡದ ಸುತ್ತ ಅರ್ಧಚಂದ್ರದ ಹಾಗೆ ಕೂರಬೇಕಾದದ್ದು ಅದು. ಅದಕ್ಕೇ ಹಾರವನ್ನು ಕತ್ತರಿಸಿ ಬಗ್ಗಿಸಿದರೆ ಹೂವೆಲ್ಲ ಅತ್ತಿತ್ತ ವಾಲುತ್ತದೆ. ಹಾರವಾದರೆ ಸುತ್ತಲೂ ಹೂವು. ದಂಡೆಯಲ್ಲಿ ಮೊಗ್ಗುಗಳು ಒತ್ತೊತ್ತಾಗಿ ಒಂದೇ ಕಡೆಗೆ ಮುಖ ಮಾಡಿರುತ್ತವೆ. ತಲೆಗೆ ತಾಗುವ ಕಡೆ ಬರೀ ನಾರು.

ಪದಗಳ ಕಥೆಯೂ ಸ್ವಾರಸ್ಯವಾಗಿದೆ. ‘ಹಾರ’ ಸಂಸ್ಕೃತದಿಂದ ಬಂದದ್ದು, ಅಲ್ಲಿ ಅದು ಮುಖ್ಯವಾಗಿ ಮುತ್ತಿನ ಸರ. ಇವತ್ತಿಗೂ ಚಿನ್ನದಂಗಡಿಗೆ ಹೋದರೆ ಲಕ್ಷ್ಮೀಹಾರ, ಚಂದ್ರಹಾರ ಅನ್ನುತ್ತೇವಲ್ಲ! ‘ಮಾಲೆ’ಯೂ ಸಂಸ್ಕೃತದ್ದೇ, ಅಲ್ಲಿನ ‘ಮಾಲಾ’. ಹೂ ಕಟ್ಟುವವನು ಅಲ್ಲಿ ಮಾಲಾಕಾರ, ಕನ್ನಡಕ್ಕೆ ಬಂದು ಮಾಲೆಗಾರನಾದ. ಈಗ ಮಾಲೆ ಹೂವಿಗಿಂತ ಉಪನ್ಯಾಸಮಾಲೆ, ಲೇಖನಮಾಲೆಗಳಲ್ಲೇ ಹೆಚ್ಚು. ಪಾಪ, ‘ಸರಮಾಲೆ’ಯಂತೂ ಪೇಪರಿನವರ ಕೈಗೆ ಸಿಕ್ಕಿ ಬರೀ ಹಗರಣಗಳಿಗೆ ಮೀಸಲಾಗಿದೆ.

‘ದಂಡೆ’ ಹಾಗಲ್ಲ, ಅದು ನಮ್ಮ ಅಡುಗೆಮನೆ, ಹಿತ್ತಲಿನ ಮಾತು. ತೆಲುಗು ಮಾತಾಡುವ ಪಕ್ಕದ ಮನೆಯವರನ್ನು ಕೇಳಿ ನೋಡಿ, ಕೊರಳಿಗೆ ಹಾಕುವ ಹೂಮಾಲೆಯನ್ನೇ ಅವರು ‘ಪೂಲ ದಂಡ’ ಅನ್ನುತ್ತಾರೆ. ಅಕ್ಕಪಕ್ಕದ ಎರಡು ಭಾಷೆಗಳಲ್ಲಿ ಒಂದೇ ಪದ. ಅವರಲ್ಲಿ ಕೊರಳಿಗಿಳಿಯಿತು, ನಮ್ಮಲ್ಲಿ ತಲೆಯ ಮೇಲೆ ಉಳಿಯಿತು. ಉತ್ತರ ಕರ್ನಾಟಕದ ಕಡೆ ಇದೇ ‘ದಂಡಿ’. ಮದುಮಕ್ಕಳ ಹಣೆಗೆ ಬಾಸಿಂಗ ಕಟ್ಟುವಾಗ ದಂಡಿಯ ಮಾತೂ ಜೊತೆಗೇ ಬರುತ್ತದೆ. ಕೋಲು ಎಂಬ ಅರ್ಥದ ಸಂಸ್ಕೃತದ ‘ದಂಡ’ ಬೇರೆ, ತಪ್ಪಿಗೆ ತೆರುವ ದಂಡ ಅದರ ಕಡೆಯದು. ಶ್ರಾವಣದಲ್ಲಿ ಮಲ್ಲಿಗೆ ಕೊಂಡವರಿಗೆ ಎರಡೂ ಒಂದೇ ಅನ್ನಿಸಿದರೆ ಆಶ್ಚರ್ಯವಿಲ್ಲ ಬಿಡಿ!

ಬಾಸಿಂಗದ ವಿಷಯ ಬಂತಲ್ಲ, ಅದೂ ಒಂದು ಕಾಲಕ್ಕೆ ಹೂವೇ. ಹಳಗನ್ನಡದಲ್ಲಿ ‘ಬಾಸಿಗ’ ಎಂದರೆ ತಲೆಗೆ ಮುಡಿಯುವ ಹೂಮಾಲೆ. ಆಮೇಲೆ ಬೆಂಡು, ಬಣ್ಣದ ಕಾಗದ, ಮುತ್ತು, ಜರಿ ಬಂದು ಹೂವು ಮಾಯವಾಯಿತು, ಹೆಸರು ಮಾತ್ರ ಉಳಿಯಿತು. ದಂಡೆಯದು ಇದಕ್ಕೆ ತಿರುಗಾಮುರುಗಾ. ವಸ್ತು ಇದೆ, ಹೆಸರು ಹೋಗುತ್ತಿದೆ. ಮದುವಣಗಿತ್ತಿಯ ಅಲಂಕಾರಕ್ಕೆ ಬರುವ ಬ್ಯೂಟಿಷಿಯನ್ ಬಾಯಲ್ಲಿ ಅದು ‘ಜಡೆ ಸೆಟ್’, ಕೆಲವರ ಬಾಯಲ್ಲಿ ‘ವೇಣಿ’.

ಹೆಸರು ಏನಾದರೇನು ಅನ್ನಬಹುದು ನೀವು. ಆದರೆ ಸರಿಯಾದ ಹೆಸರು ಹೇಳಿದರೆ ಸರಿಯಾದ ವಸ್ತು ಸಿಗುತ್ತದೆ ನೋಡಿ. ಕರಾವಳಿಯಲ್ಲಿ ಶಂಕರಪುರ ಮಲ್ಲಿಗೆಗೆ ಮೊಳ, ಮಾರು ಅಂತ ಕೇಳಿದರೆ ನಗುತ್ತಾರೆ. ಅಲ್ಲಿ ಲೆಕ್ಕ ಚೆಂಡು ಮತ್ತು ಅಟ್ಟೆ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಮ್ಮ ಕಡೆಯ ಮೊಳವೋ, ಮಾರುವವಳ ಕೈ ಉದ್ದದ ಮೇಲೆ! ದಂಡೆ ಹೇಳುವಾಗ ಮೊಳದ ಲೆಕ್ಕವೇ ಬೇಡ. ತುರುಬಿಗೋ ಜಡೆಗೋ ಹೇಳಿ, ಅಗಲವನ್ನು ಬೆರಳಿನಲ್ಲಿ ತೋರಿಸಿ. ಬೆಳಗಿನ ಮುಹೂರ್ತವಾದರೆ ಹಿಂದಿನ ಸಂಜೆಯೇ ತಂದು, ಒದ್ದೆ ಬಟ್ಟೆ ಹಿಂಡಿ ಬಾಳೆಎಲೆಯ ಮೇಲೆ ಹಾಸಿ ಅದರಲ್ಲಿ ಸುತ್ತಿಡಿ. ನೀರು ಚಿಮುಕಿಸಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಮೊಗ್ಗು ಕಂದಿಹೋಗುತ್ತದೆ.

ನಮ್ಮ ಕಥೆಗೆ ಬರುತ್ತೇನೆ. "ಅತ್ತೇ, ನೀವೇ ಯಾಕೆ ಕಟ್ಟಬಾರದು?" ಎಂದು ಕೇಳಿದೆ. ಒಂದು ಕಾಲಕ್ಕೆ ಬೀದಿಯ ಹೆಣ್ಣುಮಕ್ಕಳಿಗೆಲ್ಲ ಮೊಗ್ಗಿನ ಜಡೆ ಹೆಣೆದವರು ಅವರು. ಅತ್ತೆ ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು, "ಮದುಮಗಳ ತಲೆಗೆ ಹೋಗೋದು ಕಣಮ್ಮ. ಅಷ್ಟು ಜನ ಮುತ್ತೈದೆಯರಿರುವಾಗ ನಾನು..." ಎಂದು ಮಾತು ನಿಲ್ಲಿಸಿದರು. ಮಾವ ಹೋಗಿ ಹತ್ತು ವರ್ಷವಾಯಿತು. ದೇವರಿಗೆ ಹೂ ಕಟ್ಟುತ್ತಾರೆ, ನಮಗೂ ಕಟ್ಟಿಕೊಡುತ್ತಾರೆ. ಶುಭಕಾರ್ಯ ಅಂದರೆ ಮಾತ್ರ ಹಿಂದೆ ಸರಿದುಬಿಡುತ್ತಾರೆ. ನಾವ್ಯಾರೂ ಬೇಡ ಅಂದವರಲ್ಲ. ಬನ್ನಿ ಅಂತ ಕರೆದವರೂ ಅಲ್ಲ.

ನಿಮ್ಮ ಮನೆಯಲ್ಲೂ ಇಂಥ ಅತ್ತೆಯೋ ಅಮ್ಮನೋ ಇರಬಹುದು. ತೊಟ್ಟಿಲಲ್ಲಿದ್ದಾಗಲೇ ತಲೆಗೆ ಸಿಕ್ಕಿಸಿದ ಹೂವು ತಾಳಿಗಿಂತ ಮೊದಲು ಬಂದದ್ದಲ್ಲವೇ? ಬಂದದ್ದು ತವರಿನಿಂದ, ಗಂಡನಿಂದಲ್ಲ. ಅದನ್ನು ಗಂಡನ ಜೊತೆ ಕಳಿಸಿಬಿಡುವುದು ಯಾವ ನ್ಯಾಯ? ಇದನ್ನು ಅತ್ತೆಯ ಎದುರು ಹೀಗೆಲ್ಲ ಹೇಳುವ ಧೈರ್ಯ ನನಗಾಗಲಿಲ್ಲ. ಮದುಮಗಳಿಗೇ ಫೋನ್ ಮಾಡಿದೆ. ಅವಳು ಅಜ್ಜಿಗೆ ಫೋನ್ ಕೊಡಲು ಹೇಳಿ, "ಅಜ್ಜಿ, ನಿನ್ನ ಕೈಯ ದಂಡೆ ಇಲ್ಲದಿದ್ರೆ ನಾನು ತಲೆಗೆ ಹೂವೇ ಮುಡಿಯಲ್ಲ" ಅಂದಳಂತೆ.

ಮದುವೆಯ ಹಿಂದಿನ ಸಂಜೆ ಛತ್ರದ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಅತ್ತೆ ಕೂತರು. ಬಾಳೆಪಟ್ಟೆ, ಸೂಜಿ, ದಾರ, ಒಂದು ಮೊರದ ತುಂಬ ಮೊಗ್ಗು. ನಡುವೆ ಒಂದೊಂದು ಸಾಲು ಕನಕಾಂಬರ, ಅಂಚಿಗೆ ಮರುಗ. ಹತ್ತಿರದ ಸಂಬಂಧಿಯೊಬ್ಬರು ಬಂದು ನೋಡಿ ಹುಬ್ಬು ಗಂಟಿಕ್ಕಿದ್ದೂ ಉಂಟು. ಮದುಮಗಳ ಅಮ್ಮ ಏನೂ ಹೇಳಲಿಲ್ಲ, ಅಮ್ಮನ ಪಕ್ಕ ಕೂತು ಮೊಗ್ಗು ಆರಿಸಿಕೊಡತೊಡಗಿದರು. ಬಂದವರು ಹಾಗೇ ಹೊರಟುಹೋದರು.

ಬೆಳಿಗ್ಗೆ ದಂಡೆಯನ್ನು ಮುಡಿಸಿದ್ದೂ ಅತ್ತೆಯೇ. ಪಿನ್ನು ಹಾಕುವಾಗ ಕೈ ಸ್ವಲ್ಪ ನಡುಗಿತು.

ಮಾರನೇ ದಿನಕ್ಕೆ ಅದು ಬಾಡಿತು, ಇರಲಿ. ನನ್ನ ಮಗಳು ಶಾಲೆಯ ನಾನಾರ್ಥಗಳ ಪಟ್ಟಿಗೆ ‘ದಂಡೆ: ತೀರ, ಹೂಮಾಲೆ’ ಎಂದು ಸೇರಿಸಿಕೊಂಡಿದ್ದಾಳೆ. ಈಗ ರಜೆಯಲ್ಲಿ ಅಜ್ಜಿಯ ಪಕ್ಕ ಕೂತು ಹೂ ಕಟ್ಟುವುದನ್ನು ಕಲಿಯುತ್ತಿದ್ದಾಳೆ. ಕಟ್ಟಿದ್ದು ಇನ್ನೂ ಒಂದು ಗೇಣು ಆಗಿಲ್ಲ, ಎತ್ತಿ ಹಿಡಿದರೆ ನಡುವಿನ ಹೂವೆಲ್ಲ ಉದುರುತ್ತದೆ. "ಬಿಗಿಯಾಗಿ ಎಳಿಯೇ, ಆದ್ರೆ ತೊಟ್ಟು ಮುರೀಬೇಡ" ಅನ್ನುತ್ತಾ ಅತ್ತೆ ಬಿಚ್ಚಿ ಮತ್ತೆ ಕಟ್ಟಿಸುತ್ತಾರೆ.